ಹಾಡು ಕಂಪನಿಯದು, ಕಂಪನಿ ಮೂವರದು: ಮಂಗಳೂರಿನ ರ‍್ಯಾಪರ್‌ಗಳಿಗಾಗಿ ರಾಕ್-ಎ-ಫೆಲಾ ಪ್ರಕರಣ

ಮಂಗಳೂರಿನಲ್ಲಿ ರ‍್ಯಾಪ್ ಹಾಡುವ ಹುಡುಗರು ಸ್ವಂತ ಲೇಬಲ್, ಅಂದರೆ ಹಾಡು ಮುದ್ರಿಸಿ ಹೊರತರುವ ಕಂಪನಿ, ತೆರೆಯುವ ಮಾತೆತ್ತಿದಾಗಲೆಲ್ಲ ನಾನು ಅವರ ಮುಂದಿಡುವುದು ನ್ಯೂಯಾರ್ಕಿನ ರಾಕ್-ಎ-ಫೆಲಾ ರೆಕಾರ್ಡ್ಸ್‌ನ ಪ್ರಕರಣ. ಅದರ ಅರ್ಧ ಭಾಗ ಅವರಿಗೆ ಬಾಯಿಪಾಠವಾಗಿರುತ್ತದೆ. ಯಾವ ಕಂಪನಿಯೂ ಕೈಹಿಡಿಯದಿದ್ದಾಗ ಮೂವರು ಗೆಳೆಯರು ತಾವೇ ಲೇಬಲ್ ಕಟ್ಟಿದರು, ಜೇ-ಝೀ ಎಂಬ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು, ಕೋಟಿಗಟ್ಟಲೆ ಡಾಲರ್ ಹರಿದು ಬಂತು. ಉಳಿದರ್ಧ ಅಷ್ಟು ಪ್ರಸಿದ್ಧವಲ್ಲ. ಹತ್ತು ವರ್ಷ ತುಂಬುವ ಹೊತ್ತಿಗೆ ಲೇಬಲ್ ಪೂರ್ತಿಯಾಗಿ ದೊಡ್ಡ ಕಂಪನಿಯ ಸೊತ್ತಾಗಿತ್ತು. 2024ರ ನವೆಂಬರಿನಲ್ಲಿ ಮೊದಲ ಆಲ್ಬಂ ಮಾತ್ರ ಉಳಿದುಕೊಂಡಿದ್ದ ಹಳೆಯ ಕಂಪನಿಯಲ್ಲಿ ಆ ಮೂವರಲ್ಲಿ ಒಬ್ಬರಿಗಿದ್ದ ಪಾಲನ್ನು ನ್ಯಾಯಾಲಯದ ಆದೇಶದ ಮೇಲೆ ಹರಾಜು ಹಾಕಲಾಯಿತು. ಕೊಂಡದ್ದು ಇನ್ನೊಬ್ಬ ಸಂಗೀತಗಾರನೂ ಅಲ್ಲ, ಕಂಪನಿಯೂ ಅಲ್ಲ; ನ್ಯೂಯಾರ್ಕ್ ರಾಜ್ಯ ಸರ್ಕಾರ.

ಇದನ್ನು ಇಬ್ಬರು ಗೆಳೆಯರ ಅಹಂಕಾರದ ಜಗಳ ಎಂದು ವಿವರಿಸುವವರೇ ಹೆಚ್ಚು. ನಾನು ಹಾಗೆ ಓದುವುದಿಲ್ಲ. ಜಗಳ ಆಗಿತ್ತು, ನಿಜ. ಆದರೆ ಹಾಡು ಯಾರದು, ಹೆಸರು ಯಾರದು, ಕೊನೆಯ ಮಾತು ಯಾರದು ಎಂಬ ಮೂರು ಪ್ರಶ್ನೆಗಳಿಗೆ ಆ ಲೇಬಲಿನಲ್ಲಿ ಮೂರು ಬೇರೆ ಬೇರೆ ಉತ್ತರಗಳಿದ್ದವು. ಲಾಭ ಬರುತ್ತಿದ್ದಷ್ಟು ಕಾಲ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮನಸ್ಸು ಮುರಿದ ದಿನ ಆ ಮೂರು ಉತ್ತರಗಳು ಮೂವರನ್ನು ಮೂರು ದಿಕ್ಕಿಗೆ ಎಳೆದವು.

ಮೂವರು, ಒಂದು ಆಲ್ಬಂ

ಶಾನ್ ಕಾರ್ಟರ್, ಅಂದರೆ ಜೇ-ಝೀ, 1969ರಲ್ಲಿ ಹುಟ್ಟಿದವರು. ಬೆಳೆದದ್ದು ಬ್ರೂಕ್ಲಿನ್‌ನ ಮಾರ್ಸಿ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ. ಡೇಮನ್ ಡ್ಯಾಶ್ ಹಾರ್ಲೆಮ್‌ನವರು, ಮಾತಿನಲ್ಲಿ ಗಟ್ಟಿಗರು, ವ್ಯವಹಾರ ಕುದುರಿಸುವುದರಲ್ಲಿ ನಿಸ್ಸೀಮರು. ಮೂರನೆಯವರು ‘ಬಿಗ್ಸ್’ ಎಂದು ಕರೆಸಿಕೊಳ್ಳುವ ಕರೀಂ ಬರ್ಕ್. ತೆರೆಯ ಮುಂದೆ ಕಾಣಿಸಿಕೊಂಡದ್ದು ಕಡಿಮೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಜೇ-ಝೀ ದೊಡ್ಡ ಕಂಪನಿಗಳ ಬಾಗಿಲು ತಟ್ಟಿ ಬರಿಗೈಯಲ್ಲಿ ಮರಳಿದರು. ಸಣ್ಣ ಲೇಬಲ್ ಒಂದರ ಜೊತೆಗಿನ ಒಪ್ಪಂದವೂ ಬಹಳ ದಿನ ಬಾಳಲಿಲ್ಲ. ಕಾರಿನ ಡಿಕ್ಕಿಯಲ್ಲಿ ಸಿ.ಡಿ. ಇಟ್ಟುಕೊಂಡು ಮಾರಿದ್ದು ಆ ದಿನಗಳಲ್ಲಿ. 1995ರ ಹೊತ್ತಿಗೆ ಮೂವರೂ ಸೇರಿ ರಾಕ್-ಎ-ಫೆಲಾ ಆರಂಭಿಸಿದರು. ಅಮೆರಿಕದ ತೈಲ ದೊರೆ ರಾಕ್‌ಫೆಲ್ಲರ್ ಅವರ ಹೆಸರನ್ನು ಹೋಲುವ ಹೆಸರು. ಎಲ್ಲಿಗೆ ಮುಟ್ಟಬೇಕೆಂಬ ಗುರಿ ಮೊದಲ ದಿನವೇ ಇತ್ತು.

1996ರ ಜೂನ್ 25ರಂದು ‘ರೀಸನಬಲ್ ಡೌಟ್’ ಆಲ್ಬಂ ಬಂತು. ಅಂಗಡಿಗಳಿಗೆ ತಲುಪಿಸಿದ್ದು ಫ್ರೀಜ್ ಮತ್ತು ಪ್ರಯಾರಿಟಿ ಎಂಬ ಕಂಪನಿಗಳು. ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಏರಿದ್ದು 23ನೇ ಸ್ಥಾನಕ್ಕೆ. ಆ ಕಾಲದ ದೊಡ್ಡ ಗೆಲುವುಗಳ ಎದುರು ಇದು ಸಣ್ಣದು. ಇಂದು ಹಿಪ್-ಹಾಪ್‌ನ ಅತ್ಯುತ್ತಮ ಆಲ್ಬಂಗಳನ್ನು ಎಣಿಸುವವರು ಇದನ್ನು ಬಿಟ್ಟು ಎಣಿಸುವುದಿಲ್ಲ.

ಇಲ್ಲಿ ಓದುಗರು ಒಂದು ವಿವರವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಈ ಆಲ್ಬಂನ ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣದ ಒಡೆತನ, ಹಾಡಿದ ಜೇ-ಝೀ ಅವರ ಹೆಸರಿನಲ್ಲಿರಲಿಲ್ಲ. ವಿತರಕರ ಹೆಸರಿನಲ್ಲೂ ಇರಲಿಲ್ಲ. ಅದು ರಾಕ್-ಎ-ಫೆಲಾ ರೆಕಾರ್ಡ್ಸ್ ಎಂಬ ಕಂಪನಿಯದಾಗಿತ್ತು. ಆ ಕಂಪನಿಯಲ್ಲಿ ಮೂವರಿಗೂ ತಲಾ ಮೂರನೇ ಒಂದು ಪಾಲು. ಮೂವರು ಜೊತೆಯಾಗಿರುವಾಗ ಇದಕ್ಕಿಂತ ನ್ಯಾಯವಾದ ಹಂಚಿಕೆ ಇಲ್ಲ. ಮೂವರು ಬೇರೆಯಾದರೆ ಒಂದು ಆಲ್ಬಂ ಅನ್ನು ಮೂರು ತುಂಡು ಮಾಡುವುದು ಹೇಗೆ?

ಅರ್ಧ ಪಾಲಿನ ಮಾರಾಟ

1997ರಲ್ಲಿ ಲೇಬಲ್ ಡೆಫ್ ಜ್ಯಾಮ್ ಎಂಬ ಇನ್ನೊಂದು ಲೇಬಲ್ ಜೊತೆ ಕೈಜೋಡಿಸಿತು. 1984ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಿಂದ ರಿಕ್ ರೂಬಿನ್ ಮತ್ತು ರಸೆಲ್ ಸಿಮನ್ಸ್ ನಡೆಸತೊಡಗಿದ ಡೆಫ್ ಜ್ಯಾಮ್ ಅಷ್ಟರಲ್ಲಿ ಪಾಲಿಗ್ರಾಮ್ ಎಂಬ ಬೃಹತ್ ಕಂಪನಿಯ ತೆಕ್ಕೆಯಲ್ಲಿತ್ತು. ಮುಂದೆ ಪಾಲಿಗ್ರಾಮ್ ಯೂನಿವರ್ಸಲ್‌ನಲ್ಲಿ ವಿಲೀನವಾದಾಗ ಐಲ್ಯಾಂಡ್ ಡೆಫ್ ಜ್ಯಾಮ್ ಆಯಿತು. ಮುಂದಿನ ಆಲ್ಬಂಗಳೆಲ್ಲ ಜಂಟಿ ವ್ಯವಹಾರದಲ್ಲಿ ಬಂದವು. ಅದರಲ್ಲಿ ಅರ್ಧ ಗೆಳೆಯರದು, ಅರ್ಧ ಡೆಫ್ ಜ್ಯಾಮ್‌ನದು. ಮೊದಲ ಆಲ್ಬಂ ಮಾತ್ರ ಹಳೆಯ ಕಂಪನಿಯಲ್ಲೇ ಉಳಿಯಿತು.

ಈ ಮಾರಾಟವನ್ನು ಬುದ್ಧಿಗೇಡಿತನ ಎನ್ನಲಾರೆ. ಇಂಟರ್ನೆಟ್ ಮಾರಾಟ ಇಲ್ಲದ ಕಾಲ ಅದು. ದೇಶದ ಉದ್ದಗಲಕ್ಕೆ ಸಾವಿರಾರು ಅಂಗಡಿಗಳಲ್ಲಿ ಸಿ.ಡಿ. ಇರಬೇಕು, ರೇಡಿಯೊದಲ್ಲಿ ಹಾಡು ಬರಬೇಕು, ವೀಡಿಯೊ ಮಾಡಲು ಹಣ ಬೇಕು ಎಂದರೆ ದೊಡ್ಡ ಕಂಪನಿಯ ಜಾಲವಿಲ್ಲದೆ ನಡೆಯುತ್ತಿರಲಿಲ್ಲ. ಫಲ ಬೇಗನೆ ಕಂಡಿತು. 1998ರ ‘ವಾಲ್ಯೂಮ್ 2: ಹಾರ್ಡ್ ನಾಕ್ ಲೈಫ್’ ಬಿಲ್‌ಬೋರ್ಡ್‌ನ ಮೊದಲ ಸ್ಥಾನಕ್ಕೆ ಏರಿತು, ಅಮೆರಿಕದಲ್ಲೇ 50 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು, ಅತ್ಯುತ್ತಮ ರ‍್ಯಾಪ್ ಆಲ್ಬಂ ಎಂಬ ಗ್ರ್ಯಾಮಿಯೂ ಬಂತು. 1999ರಲ್ಲಿ ಅದೇ ಹೆಸರಿನ ಸಂಗೀತ ಯಾತ್ರೆ ದೊಡ್ಡ ದೊಡ್ಡ ಸಭಾಂಗಣಗಳನ್ನು ತುಂಬಿಸಿತು. ಅದೇ ವರ್ಷ ರೋಕಾವೇರ್ ಎಂಬ ಉಡುಪಿನ ಬ್ರ್ಯಾಂಡ್ ಶುರುವಾಯಿತು. ತಮ್ಮ ಹಾಡು ಕೇಳುವವರು ತೊಡುವ ಬಟ್ಟೆಯ ಲಾಭ ಬೇರೆ ಯಾರಿಗೋ ಏಕೆ ಹೋಗಬೇಕು ಎಂಬ ಡ್ಯಾಶ್ ಅವರ ಲೆಕ್ಕಾಚಾರ ಎಷ್ಟು ಸರಿಯಾಗಿತ್ತು ಎಂಬುದಕ್ಕೆ ಮುಂದೆ ಬಂದ ಅಂಕಿಯೇ ಸಾಕ್ಷಿ. ಬಳಿಕ ಸಿನಿಮಾ ಬಂತು, ವೋಡ್ಕಾ ಬಂತು.

ಸಂಗೀತದ ದೃಷ್ಟಿಯಿಂದ ನನಗೆ ತುಂಬ ಪ್ರಿಯವಾದದ್ದು 2000ದ ಆಸುಪಾಸಿನ ವರ್ಷಗಳು. ಫಿಲಡೆಲ್ಫಿಯಾದಿಂದ ಬೀನಿ ಸೀಗಲ್, ಫ್ರೀವೇ ಎಂಬ ರ‍್ಯಾಪರ್‌ಗಳು ಬಂದರು. ಮಾರ್ಸಿಯವರೇ ಆದ ಮೆಂಫಿಸ್ ಬ್ಲೀಕ್ ಮೊದಲಿನಿಂದಲೂ ಇದ್ದರು. ಜಸ್ಟ್ ಬ್ಲೇಜ್ ಮತ್ತು ಷಿಕಾಗೊದ ಕಾನ್ಯೆ ವೆಸ್ಟ್ ಎಂಬ ಇಬ್ಬರು ಯುವ ಬೀಟ್ (ಹಾಡಿನ ಹಿನ್ನೆಲೆಯ ಲಯ-ಸಂಗೀತ) ನಿರ್ಮಾಪಕರು ಕಪ್ಪು ಅಮೆರಿಕನ್ನರ ಹಳೆಯ ‘ಸೋಲ್’ ಸಂಗೀತದ ತುಣುಕುಗಳನ್ನು ಎತ್ತಿ, ವೇಗ ಹೆಚ್ಚಿಸಿ, ದನಿಯನ್ನು ತೆಳುವಾಗಿಸಿ ಹೊಸದೊಂದು ನಾದವನ್ನೇ ಕಟ್ಟಿದರು. 2001ರ ಸೆಪ್ಟೆಂಬರ್ 11ರಂದು, ಗೋಪುರಗಳು ಉರುಳಿದ ಅದೇ ದಿನ, ‘ದಿ ಬ್ಲೂಪ್ರಿಂಟ್’ ಬಿಡುಗಡೆಯಾಯಿತು. ಒಬ್ಬ ಗಾಯಕ, ಒಂದು ಗುಂಪು, ಒಂದೇ ಸ್ಟುಡಿಯೊ ಸೇರಿ ಕಟ್ಟಿದ ನಾದದ ಗುರುತು ಒಂದು ಲೇಬಲ್‌ಗೆ ಸಿಗುವುದು ಅಪರೂಪ. ರಾಕ್-ಎ-ಫೆಲಾಗೆ ಅದು ಸಿಕ್ಕಿತ್ತು. ಇಂಥದ್ದೊಂದು ನಮ್ಮ ಕರಾವಳಿಗೂ ಸಿಗಲಿ ಎಂಬ ಆಸೆಯಿಂದಲೇ ನಾನು ಈ ಪ್ರಕರಣದ ಬೆನ್ನು ಹತ್ತಿದ್ದೇನೆ.

ಒಬ್ಬನ ಮೇಲೆ ನಿಂತ ಮನೆ

1999ರ ಡಿಸೆಂಬರಿನಲ್ಲಿ ಒಂದು ಘಟನೆ ನಡೆಯಿತು. ಬಿಡುಗಡೆಗೆ ಮೊದಲೇ ಆಲ್ಬಂನ ಕಳ್ಳ ಪ್ರತಿಗಳು ಬೀದಿಗೆ ಬಂದಿದ್ದವು. ಅದಕ್ಕೆ ಕಾರಣ ಎಂದು ತಾವು ಶಂಕಿಸಿದ ನಿರ್ಮಾಪಕರೊಬ್ಬರ ಮೇಲೆ ಜೇ-ಝೀ ಕ್ಲಬ್ ಒಂದರಲ್ಲಿ ಚೂರಿಯಿಂದ ಹಲ್ಲೆ ಮಾಡಿದರು. 2001ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷಗಳ ಪ್ರೊಬೇಷನ್ (ಜೈಲಿನ ಹೊರಗೆ ನಿಗಾದಲ್ಲಿರುವ) ಶಿಕ್ಷೆ ಪಡೆದರು. ಜೈಲಾಗಿದ್ದರೆ? ಡಜನ್‌ಗಟ್ಟಲೆ ಕಲಾವಿದರು, ಕಚೇರಿ, ಬಟ್ಟೆಯ ಬ್ರ್ಯಾಂಡ್ ಎಲ್ಲವೂ ಒಬ್ಬ ವ್ಯಕ್ತಿಯ ಒಂದು ರಾತ್ರಿಯ ಸಿಟ್ಟಿನ ಮೇಲೆ ತೂಗಾಡುತ್ತಿದ್ದವು. ರ‍್ಯಾಪರ್ ಕಟ್ಟಿದ ಲೇಬಲ್‌ನ ಮೊದಲ ರೋಗ ಇದೇ. ಹೆಚ್ಚು ದುಡಿಯುವವನು ಕಲಾವಿದನೂ ಹೌದು, ಮಾಲೀಕನೂ ಹೌದು. ಕಲಾವಿದನಾಗಿ ಅವನು ಲೇಬಲ್‌ನ ಎದುರು ಕೂರಬೇಕು, ಮಾಲೀಕನಾಗಿ ಲೇಬಲ್‌ನ ಪರ ಕೂರಬೇಕು. ಎರಡೂ ಕುರ್ಚಿಯಲ್ಲಿ ಒಬ್ಬನೇ ಇದ್ದರೆ ಚೌಕಾಸಿ ಯಾರ ಜೊತೆ ನಡೆಯಬೇಕು?

ಎರಡನೇ ರೋಗ ಕೊನೆಯ ಮಾತಿನದು. 2002ರ ಸುಮಾರಿಗೆ ಜೇ-ಝೀ ವಿದೇಶದಲ್ಲಿದ್ದಾಗ ಡ್ಯಾಶ್ ತಮ್ಮ ಹಾರ್ಲೆಮ್ ಗೆಳೆಯ, ರ‍್ಯಾಪರ್ ಕ್ಯಾಮ್‌ರಾನ್ ಅವರನ್ನು ಲೇಬಲ್‌ನ ಉಪಾಧ್ಯಕ್ಷರನ್ನಾಗಿ ಮಾಡಿದರೆಂದೂ, ಜೇ-ಝೀ ಅದನ್ನು ಒಪ್ಪಲಿಲ್ಲವೆಂದೂ ಆಗ ವ್ಯಾಪಕವಾಗಿ ವರದಿಯಾಯಿತು. ಹುದ್ದೆ ಸಣ್ಣದೋ ದೊಡ್ಡದೋ, ಪ್ರಶ್ನೆ ಬೇರೆ. ಸಮಾನ ಪಾಲಿನ ಮೂವರಲ್ಲಿ ಒಬ್ಬರು ಹೊಸಬರನ್ನು ಮೇಲಿನ ಸ್ಥಾನಕ್ಕೆ ತರಲು ಉಳಿದವರ ಒಪ್ಪಿಗೆ ಬೇಕೋ ಬೇಡವೋ? ಇಂಥ ಪ್ರಶ್ನೆ ಎದ್ದಾಗ ಎಲ್ಲರೂ ತಿರುಗಿ ನೋಡುವ ಒಂದು ನಿಯಮವಿದ್ದರೆ ಅದು ಕಚೇರಿಯ ಒಂದು ಮಧ್ಯಾಹ್ನದ ಚರ್ಚೆಯಲ್ಲಿ ಮುಗಿಯುತ್ತದೆ. ಇಲ್ಲಿ ಅದು ಊರಿಗೆಲ್ಲ ಗೊತ್ತಾದ ಮನಸ್ತಾಪವಾಯಿತು.

2003ರ ನವೆಂಬರಿನಲ್ಲಿ ‘ದಿ ಬ್ಲ್ಯಾಕ್ ಆಲ್ಬಂ’ ಹೊರತಂದು ಜೇ-ಝೀ ನಿವೃತ್ತಿ ಘೋಷಿಸಿದರು. 2004ರ ಫೆಬ್ರುವರಿಯಲ್ಲಿ ಕಾನ್ಯೆ ವೆಸ್ಟ್ ಅವರ ಮೊದಲ ಆಲ್ಬಂ ಬಂತು. ಬೀಟ್ ಮಾಡುವವನಾಗಿ ಇರಲಿ, ರ‍್ಯಾಪರ್ ಆಗಿ ಬೇಡ ಎಂದು ಲೇಬಲ್‌ನ ಒಳಗೇ ಹಿಂಜರಿಕೆ ಎದುರಿಸಿದ್ದ ವ್ಯಕ್ತಿ ಅವರು. ಮುಂದಿನ ದಶಕವನ್ನು ಹೊತ್ತು ನಡೆಯಬಲ್ಲ ಇನ್ನೊಬ್ಬ ತಾರೆ ಮನೆಯೊಳಗೇ ಹುಟ್ಟಿದ್ದರು. ಲೇಬಲ್ ಉಳಿಯಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ.

ಆದರೆ 2004ರ ಡಿಸೆಂಬರಿನಲ್ಲಿ ಐಲ್ಯಾಂಡ್ ಡೆಫ್ ಜ್ಯಾಮ್ ಉಳಿದರ್ಧ ಪಾಲನ್ನೂ ಕೊಂಡುಕೊಂಡಿತು. ಬೆಲೆ 1 ಕೋಟಿ ಡಾಲರ್ ಎಂದು ವರದಿಯಾಯಿತು. ಅದೇ ಹೊತ್ತಿಗೆ ಜೇ-ಝೀ ಡೆಫ್ ಜ್ಯಾಮ್‌ನ ಅಧ್ಯಕ್ಷರಾದರು, ರಾಕ್-ಎ-ಫೆಲಾ ಹೆಸರಿನ ಉಸ್ತುವಾರಿಯೂ ಅವರಿಗೇ ಹೋಯಿತು. ಡ್ಯಾಶ್ ಮತ್ತು ಬರ್ಕ್ ಹೊರಗೆ. ‘ರೀಸನಬಲ್ ಡೌಟ್’ ಒಂದನ್ನು ತನಗೆ ಕೊಟ್ಟರೆ ಉಳಿದದ್ದನ್ನೆಲ್ಲ ಬಿಟ್ಟುಕೊಡುತ್ತೇನೆ ಎಂದು ತಾನು ಗೆಳೆಯರ ಮುಂದೆ ಪ್ರಸ್ತಾಪ ಇಟ್ಟಿದ್ದೆ, ಅವರು ಒಪ್ಪಲಿಲ್ಲ ಎಂದು ಜೇ-ಝೀ ನಂತರ ಹೇಳಿಕೊಂಡಿದ್ದಾರೆ. ಇದು ಅವರ ಕಡೆಯ ಮಾತು, ಹಾಗೆಂದೇ ಓದಬೇಕು. ಆದರೂ ಒಂದು ಸಂಗತಿ ಸ್ಪಷ್ಟ: ಬೇರ್ಪಡುವ ದಿನ ಮೇಜಿನ ಮೇಲೆ ಬಂದು ಕುಳಿತದ್ದು ಲಾಭದ ಲೆಕ್ಕವಲ್ಲ, ಎಂಟು ವರ್ಷ ಹಿಂದಿನ ಮೊದಲ ಆಲ್ಬಂನ ಮಾಸ್ಟರ್.

ಡೆಫ್ ಜ್ಯಾಮ್ ಕಡೆಯಿಂದ ನೋಡಿ. ಅರ್ಧ ಪಾಲು ಆಗಲೇ ಕೈಯಲ್ಲಿದೆ. ಹಾಡುಗಳನ್ನು ಅಂಗಡಿಗೆ ಮುಟ್ಟಿಸುವುದೂ ತಾನೇ. ಗೆಳೆಯರು ಒಗ್ಗಟ್ಟಾಗಿದ್ದರೆ ಉಳಿದರ್ಧಕ್ಕೆ ಅವರು ಹೇಳಿದ ಬೆಲೆ ಕೊಡಬೇಕು. ಒಡೆದರೆ ತಾರೆಯನ್ನು ಒಳಗೆ ಕರೆದುಕೊಂಡು ಉಳಿದವರಿಗೆ ಹಣ ಕೊಟ್ಟರೆ ಮುಗಿಯಿತು. ಜಗಳ ಈ ಕೊನೆಯನ್ನು ಬೇಗ ತಂದಿತು, ಅಷ್ಟೇ. ಅದಕ್ಕೆ ದಾರಿ ಮಾಡಿಕೊಟ್ಟದ್ದು 1997ರ ಕಾಗದ. ಯಾರಾದರೂ ನಮ್ಮ ಹುಡುಗರಿಗೆ ‘ಅರ್ಧ ಪಾಲು ಕೊಡಿ, ಖರ್ಚೆಲ್ಲ ನಮ್ಮದು’ ಎಂದು ಬಂದರೆ ಉಳಿದರ್ಧ ಮಾರುವ ದಿನ ಬೆಲೆ ಕಟ್ಟುವವರು ಯಾರು ಎಂದು ಆಗಲೇ ಕೇಳಬೇಕು.

ಮಾತುಕತೆಯಲ್ಲಿ ಇಲ್ಲದವರು

ಮಾಲೀಕರು ಬೇರೆಯಾದಾಗ ಕಲಾವಿದರಿಗೆ ಏನಾಯಿತು ಎಂಬುದನ್ನು ಈ ಪ್ರಕರಣ ಬರೆಯುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದೇ ಮುಖ್ಯ ಎನಿಸುತ್ತದೆ. ಡ್ಯಾಶ್ ಹೊಸ ಲೇಬಲ್ ತೆರೆದರು, ಜೇ-ಝೀ ಡೆಫ್ ಜ್ಯಾಮ್‌ನ ಮೇಲಿನ ಮಹಡಿಗೆ ಹೋದರು. ನಡುವೆ ನಿಂತವರು ಯಾವ ಕಡೆ ಹೋಗಬೇಕೆಂದು ಆರಿಸಿಕೊಳ್ಳಬೇಕಾಯಿತು. ಬೀನಿ ಸೀಗಲ್ ಆಗ ಜೈಲಿನಲ್ಲಿದ್ದರು. ಅವರ ‘ದಿ ಬಿ. ಕಮಿಂಗ್’ 2005ರ ಮಾರ್ಚಿನಲ್ಲಿ ಬಿಡುಗಡೆಯಾದಾಗ ಅದರ ಮೇಲೆ ಡ್ಯಾಶ್ ಅವರ ಹೊಸ ಕಂಪನಿಯ ಹೆಸರಿತ್ತು; ಹಾಡಿದವರು ಸೆರೆಮನೆಯೊಳಗಿದ್ದರು. ಅವರ ಸುತ್ತ ಬೆಳೆದಿದ್ದ ಫಿಲಡೆಲ್ಫಿಯಾದ ಗುಂಪು ಒಡೆಯಿತು. ಪ್ರತಿಭೆ ಇತ್ತು, ಕೇಳುವವರಿದ್ದರು, ಹಾಡುಗಳೂ ಇದ್ದವು. ಇಲ್ಲದಿದ್ದದ್ದು ಆ ಕೋಣೆಯಲ್ಲಿ ಒಂದು ಕುರ್ಚಿ. ಲೇಬಲ್ ಒಡೆದು ಬಿದ್ದಾಗ ಹೆಚ್ಚು ಪೆಟ್ಟು ತಿಂದವರು ಅದನ್ನು ಒಡೆದವರಲ್ಲ ಎಂಬುದು ನನಗೆ ಈಗಲೂ ಸಹಿಸಲಾಗದ ಮಾತು.

ನಮ್ಮ ಯಕ್ಷಗಾನ ಮೇಳಗಳ ವ್ಯವಸ್ಥೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಮೇಳಕ್ಕೆ ಯಜಮಾನರಿದ್ದಾರೆ, ಕಲಾವಿದರಿಗೆ ಮುಂಗಡ ಕೊಟ್ಟು ಗೊತ್ತು ಮಾಡುತ್ತಾರೆ, ಮಳೆಗಾಲ ಕಳೆದ ಮೇಲೆ ತಿರುಗಾಟ ಹೊರಡುತ್ತದೆ. ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ಆ ವರ್ಷದ ಲೆಕ್ಕ ಮುಗಿಯಿತು. ಮುಂದಿನ ತಿರುಗಾಟಕ್ಕೆ ಕಲಾವಿದರು ಅದೇ ಮೇಳದಲ್ಲಿ ಉಳಿಯಬಹುದು, ಇನ್ನೊಂದಕ್ಕೆ ಹೋಗಬಹುದು. ಮೇಳಗಳಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಕಲಾವಿದರ ಕಷ್ಟ ಬಲ್ಲವರಿಗೆ ಬಲ್ಲದ್ದೇ. ಆದರೆ ಬಂಧನ ಒಂದು ತಿರುಗಾಟದ್ದು. ಯಜಮಾನರ ಮನೆಯಲ್ಲಿ ಜಗಳವಾದರೆ ವೇಷಧಾರಿಯ ಕುಣಿತ, ಭಾಗವತರ ಕಂಠ ವರ್ಷಗಟ್ಟಲೆ ಒತ್ತೆಯಾಗುವುದಿಲ್ಲ. ಐದು ಆಲ್ಬಂ, ಏಳು ಆಲ್ಬಂ ಎಂದು ಸಹಿ ಹಾಕಿಸಿಕೊಳ್ಳುವ ಲೇಬಲ್ ಒಪ್ಪಂದ ಇದಕ್ಕೆ ತದ್ವಿರುದ್ಧ.

ಉಳಿದ ಲೆಕ್ಕ

ಬೇರ್ಪಟ್ಟ ಮೇಲಿನ ಕಥೆಯನ್ನು ಬೇಗ ಹೇಳಿಬಿಡಬಹುದು. ರೋಕಾವೇರ್‌ನಲ್ಲಿದ್ದ ಡ್ಯಾಶ್ ಅವರ ಪಾಲನ್ನು 2005ರಲ್ಲಿ ಜೇ-ಝೀ ಕಡೆಯವರು ಕೊಂಡರು. 2007ರಲ್ಲಿ ಆ ಬ್ರ್ಯಾಂಡಿನ ಹಕ್ಕು 20.4 ಕೋಟಿ ಡಾಲರ್‌ಗೆ ಐಕಾನಿಕ್ಸ್ ಎಂಬ ಕಂಪನಿಗೆ ಹೋಯಿತು. ಅರ್ಧ ಲೇಬಲ್‌ಗೆ 1 ಕೋಟಿ, ಲೇಬಲ್‌ನ ಹೆಸರಿನಿಂದ ಹುಟ್ಟಿದ ಅಂಗಿಗೆ 20 ಕೋಟಿ! ಹೆಸರಿನ ಬೆಲೆ ಹಾಡಿನ ಬೆಲೆಯನ್ನು ಮೀರಿಸಬಹುದು ಎಂದು ಲೇಬಲ್ ತೆರೆಯುವವರು ಕನಸಿನಲ್ಲೂ ಎಣಿಸಿರುವುದಿಲ್ಲ. 2008ರಲ್ಲಿ ಜೇ-ಝೀ ಸಂಗೀತ ಕಾರ್ಯಕ್ರಮ ನಡೆಸುವ ಲೈವ್ ನೇಷನ್ ಕಂಪನಿಯ ಜೊತೆಗೂಡಿ ರಾಕ್ ನೇಷನ್ ಎಂಬ ಹೊಸ ಕಂಪನಿ ಕಟ್ಟಿದರು.

ಮೊದಲ ಆಲ್ಬಂ ಮಾತ್ರ ಹಳೆಯ ಕಂಪನಿಯಲ್ಲಿ, ಮೂರು ಪಾಲಾಗಿ, ಹಾಗೆಯೇ ಕುಳಿತಿತ್ತು. 2021ರ ಜೂನ್‌ನಲ್ಲಿ ಡ್ಯಾಶ್ ಅದರ ಕೃತಿಸ್ವಾಮ್ಯವನ್ನು ಎನ್‌ಎಫ್‌ಟಿ (ಒಡೆತನವನ್ನು ದಾಖಲಿಸುವ ಡಿಜಿಟಲ್ ಟೋಕನ್) ರೂಪದಲ್ಲಿ ಹರಾಜು ಹಾಕಹೊರಟಿದ್ದಾರೆ ಎಂದು ಕಂಪನಿಯೇ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ತನ್ನ ಪಾಲು ಮಾರುವ ಹಕ್ಕು ತನಗಿದೆ ಎಂಬುದು ಡ್ಯಾಶ್ ವಾದ. ಒಂದು ವರ್ಷದ ನಂತರ ರಾಜಿಯಾಯಿತು. ಅದರ ತಿರುಳು ನಮ್ಮ ಹುಡುಗರು ಬರೆದಿಟ್ಟುಕೊಳ್ಳುವಂಥದು: ಆಲ್ಬಂ ಕಂಪನಿಯ ಸೊತ್ತು, ಅದರ ಯಾವ ಅಂಶವನ್ನೂ ಪಾಲುದಾರರೊಬ್ಬರು ಮಾರುವಂತಿಲ್ಲ, ಕಂಪನಿಯಲ್ಲಿರುವ ತನ್ನ ಪಾಲನ್ನು ಮಾತ್ರ ಮಾರಬಹುದು.

ಆ ಪಾಲೂ ಉಳಿಯಲಿಲ್ಲ. ಸಿನಿಮಾ ಒಂದಕ್ಕೆ ಸಂಬಂಧಿಸಿದ ಕೃತಿಸ್ವಾಮ್ಯ ಮತ್ತು ಮಾನಹಾನಿ ಮೊಕದ್ದಮೆಯಲ್ಲಿ ಡ್ಯಾಶ್ ಸೋತಿದ್ದರು. ತೆರಿಗೆ ಬಾಕಿಯೂ ದೊಡ್ಡದಿತ್ತು. ಹೀಗಾಗಿ ಅವರ ಮೂರನೇ ಒಂದು ಪಾಲು ಹರಾಜಿಗೆ ಬಂತು, ನ್ಯೂಯಾರ್ಕ್ ರಾಜ್ಯ 10 ಲಕ್ಷ ಡಾಲರ್‌ಗೆ ಕೂಗಿ ಪಡೆಯಿತು. ಅಮೆರಿಕದ ಕಾನೂನಿನಲ್ಲಿ ಇನ್ನೊಂದು ಅಂಶವಿದೆ. ಕೃತಿಯ ಹಕ್ಕನ್ನು ಬಿಟ್ಟುಕೊಟ್ಟ ಕರ್ತೃ 35 ವರ್ಷಗಳ ನಂತರ ಅದನ್ನು ಹಿಂದೆ ಕೇಳಬಹುದು. 1996ಕ್ಕೆ 35 ಸೇರಿಸಿದರೆ 2031. ಹರಾಜಿನಲ್ಲಿ ಕೂಗುವವರ ಸಂಖ್ಯೆ ಕಡಿಮೆಯಾಗಲು ಈ ಲೆಕ್ಕವೂ ಒಂದು ಕಾರಣ ಎಂದು ನನ್ನ ಊಹೆ.

ಬಿಜೈಯ ಕೋಣೆಯಲ್ಲಿ

ಇದನ್ನೆಲ್ಲ ನಾನು ವಿವರಿಸಿದ್ದು ಬಿಜೈಯಲ್ಲಿ ಬಾಡಿಗೆ ಕೋಣೆ ಹಿಡಿದು ಧ್ವನಿಮುದ್ರಣ ಮಾಡುವ ಮೂವರು ಗೆಳೆಯರಿಗೆ. ತಗಡಿನ ಮಾಡು, ಮಳೆ ಜೋರಾದರೆ ಮೈಕ್ ಆರಿಸಿ ಕೂರಬೇಕು. ಒಬ್ಬ ತುಳುವಿನಲ್ಲಿಯೂ ಕನ್ನಡದಲ್ಲಿಯೂ ಬರೆದು ಹಾಡುತ್ತಾನೆ. ಇನ್ನೊಬ್ಬ ಬೀಟ್ ಮಾಡುತ್ತಾನೆ. ಮೂರನೆಯವನು ಕಾಲೇಜು ಉತ್ಸವ, ಮೆಹೆಂದಿ ಕಾರ್ಯಕ್ರಮಗಳನ್ನು ಹಿಡಿದು ತರುತ್ತಾನೆ. ಮೂವರ ಹಾಗೆ ಮೂವರು.

“ಸರ್, ನಾವು ಶಾಲೆಯಿಂದಲೂ ಜೊತೆಗಿರುವವರು. ಈಗ ಕಾಗದ ಮಾಡಿಕೊಳ್ಳೋಣ ಎಂದರೆ ನಂಬಿಕೆ ಇಲ್ಲ ಎಂದ ಹಾಗಾಗುವುದಿಲ್ಲವೇ?” ಎಂದು ಹಾಡುವವನು ಕೇಳಿದ. ಕಾರ್ಯಕ್ರಮ ತರುವವನ ಮುಖ ಬೇರೆಯೇ ಹೇಳುತ್ತಿತ್ತು. “ಸರ್, ಇವನು ಹಾಡುತ್ತಾನೆ, ಅವನು ಬೀಟ್ ಮಾಡುತ್ತಾನೆ. ನಾಳೆ ಬೇರೆಯಾದರೆ ಅವರ ಕೈಯಲ್ಲಿ ಅವರ ಕೆಲಸ ಉಂಟು. ನನ್ನ ಕೈಯಲ್ಲಿ ಏನುಂಟು?” ಎಂದ. ಡ್ಯಾಶ್ ಅವರ ಇಡೀ ಬದುಕು ಆ ಒಂದು ಪ್ರಶ್ನೆಯಲ್ಲಿತ್ತು.

ನಮ್ಮ ಕಾನೂನು ಈ ಮೂವರಿಗೆ ಏನು ಹೇಳುತ್ತದೆ ಎಂಬುದನ್ನು ಅಂದು ಬಿಡಿಸಿ ನೋಡಿದೆವು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಹಾಡಿನಲ್ಲಿ ಮೂರು ಸೊತ್ತುಗಳಿವೆ: ಸಾಹಿತ್ಯ ಬರೆದವನದು, ಸಂಗೀತ ಕಟ್ಟಿದವನದು, ಧ್ವನಿಮುದ್ರಣ ಅದನ್ನು ನಿರ್ಮಿಸಿದವನದು. ನಿರ್ಮಿಸಿದವನು ಎಂದರೆ ಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವನು. ಬಿಜೈಯಲ್ಲಿ ಆ ಹೊಣೆ ಯಾರದು? ಕೋಣೆಯ ಬಾಡಿಗೆ ಒಬ್ಬ ಕಟ್ಟುತ್ತಾನೆ, ಮೈಕ್ ಇನ್ನೊಬ್ಬನದು, ಮಿಕ್ಸಿಂಗ್‌ಗೆ ಹಣ ಕೊಟ್ಟದ್ದು ಮೂರನೆಯವನ ತಂದೆ. ಯಾವ ನ್ಯಾಯಾಧೀಶರಿಗೂ ಇದನ್ನು ಬಿಡಿಸುವುದು ಸುಲಭವಲ್ಲ. ಹಕ್ಕನ್ನು ಲೇಬಲ್‌ಗೆ ವರ್ಗಾಯಿಸುವುದಾದರೆ ಸಹಿ ಹಾಕಿದ ಬರಹ ಬೇಕು, ಬಾಯಿಮಾತು ಸಾಲದು. ಬರಹದಲ್ಲಿ ಅವಧಿ ಹೇಳದಿದ್ದರೆ ವರ್ಗಾವಣೆ ಐದೇ ವರ್ಷಕ್ಕೆ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು 19ನೇ ಕಲಂ ಹೇಳುತ್ತದೆ. ದುಬೈಯಲ್ಲಿ, ಮಸ್ಕತ್‌ನಲ್ಲಿ ನಮ್ಮವರು ಎಷ್ಟು ಮಂದಿ ಈ ಹಾಡು ಕೇಳುತ್ತಾರೆ ಎಂದು ಯೋಚಿಸಿದರೆ ಆ ಒಂದು ಸಾಲಿನ ತೂಕ ತಿಳಿಯುತ್ತದೆ.

2012ರ ತಿದ್ದುಪಡಿ ಬರೆದವರಿಗೂ ಸಂಗೀತ ಕಟ್ಟಿದವರಿಗೂ ದೊಡ್ಡ ಆಸರೆ ಕೊಟ್ಟಿದೆ. ಹಕ್ಕನ್ನೆಲ್ಲ ಬಿಟ್ಟುಕೊಟ್ಟೆ ಎಂದು ಸಹಿ ಮಾಡಿದರೂ, ರಾಯಲ್ಟಿಯಲ್ಲಿ ಸಮಪಾಲು ಕೇಳುವ ಅವರ ಹಕ್ಕು ಹೋಗುವುದಿಲ್ಲ. ಅದನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆಯವರಿಗೆ ವಹಿಸಲಾಗದು. ಅದಕ್ಕಾಗಿಯೇ ಬರೆಯುವವನೂ ಬೀಟ್ ಮಾಡುವವನೂ ಐಪಿಆರ್‌ಎಸ್ ಎಂಬ ಕೃತಿಸ್ವಾಮ್ಯ ಸಂಘದ ಸದಸ್ಯರಾಗಬೇಕು ಎಂದು ನಾನು ಒತ್ತಾಯಿಸಿದೆ. ಅಮೆರಿಕದ 35 ವರ್ಷದ ನಿಯಮದಂಥದ್ದು ನಮ್ಮಲ್ಲಿಲ್ಲ. ಹಾಗಾಗಿ ಹಿಂದೆ ಪಡೆಯುವ ದಿನವನ್ನು ನಾವೇ ಒಪ್ಪಂದದಲ್ಲಿ ಬರೆಯಬೇಕು.

ಕಾರ್ಯಕ್ರಮ ತರುವವನಿಗೆ ಈ ಕಾಯ್ದೆಯಲ್ಲಿ ಏನೂ ಇಲ್ಲ. ಅವನಿಗೆ ದಾರಿ ಇರುವುದು 1932ರ ಪಾಲುದಾರಿಕೆ ಕಾಯ್ದೆಯಲ್ಲಿ. ಬೇರೆ ಒಪ್ಪಂದವಿಲ್ಲದಿದ್ದರೆ ಲಾಭ ಎಲ್ಲರಿಗೂ ಸಮ. ಆದರೆ ದುಡಿದದ್ದಕ್ಕೆ ಸಂಬಳ ಯಾರಿಗೂ ಇಲ್ಲ. ಹೊಸ ಪಾಲುದಾರನನ್ನು ಸೇರಿಸಲು ಎಲ್ಲರ ಒಪ್ಪಿಗೆ ಬೇಕು. ಒಬ್ಬ ತನ್ನ ಪಾಲನ್ನು ಹೊರಗಿನವನಿಗೆ ಕೊಟ್ಟರೆ ಆ ಹೊರಗಿನವನಿಗೆ ಲಾಭದ ಭಾಗ ಸಿಗುತ್ತದೆ, ಆಡಳಿತದಲ್ಲಿ ಕೈಹಾಕುವ ಅಧಿಕಾರ ಸಿಗುವುದಿಲ್ಲ. ಕ್ಯಾಮ್‌ರಾನ್ ವಿಷಯವನ್ನೂ ನ್ಯೂಯಾರ್ಕಿನ ಹರಾಜನ್ನೂ ಎದುರಿಗಿಟ್ಟುಕೊಂಡು ಓದಿದರೆ ಈ ಒಣ ಕಲಂಗಳಿಗೆ ಜೀವ ಬರುತ್ತದೆ. ಸಂಸ್ಥೆ ನೋಂದಣಿಯಾಗದಿದ್ದರೆ ಕಾರ್ಯಕ್ರಮದ ಹಣ ಕೊಡದ ಆಯೋಜಕನ ಮೇಲೆ ಒಪ್ಪಂದದ ದಾವೆ ಹೂಡಲು ಆಗುವುದಿಲ್ಲ ಎಂಬುದು 69ನೇ ಕಲಂ. ಅದನ್ನು ಕೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು; ಬಾಕಿ ಬರಬೇಕಾದ ಹಣ ಯಾವುದೋ ನೆನಪಾಗಿರಬೇಕು.

ಬೀಟ್ ಮಾಡುವವನ ಪ್ರಶ್ನೆ ಬೇರೆ ಇತ್ತು. ದಸರಾದ ಹುಲಿವೇಷದ ತಾಸೆ ಪೆಟ್ಟನ್ನು ಯೂಟ್ಯೂಬಿನಿಂದ ಎತ್ತಿ ಬೀಟ್‌ನೊಳಗೆ ಸೇರಿಸಿದ್ದ. ತಾಳ ಪರಂಪರೆಯದು, ಯಾರ ಸೊತ್ತೂ ಅಲ್ಲ. ಆದರೆ ಆ ಮುದ್ರಣ ಯಾರೋ ಒಂದು ತಂಡ ಬಾರಿಸಿ, ಯಾರೋ ಒಬ್ಬರು ಹಿಡಿದದ್ದು. ಜೇ-ಝೀ ಅವರ ‘ಬಿಗ್ ಪಿಂಪಿನ್’ ಹಾಡಿನಲ್ಲಿ ಈಜಿಪ್ಟಿನ ಬಲೀಗ್ ಹಮ್ದಿ ಸಂಯೋಜಿಸಿದ ‘ಖೋಸರಾ’ದ ಸ್ವರ ಬಳಸಿದ್ದಕ್ಕೆ ಹಮ್ದಿ ಅವರ ಸೋದರಳಿಯ 2007ರಲ್ಲಿ ಹೂಡಿದ ದಾವೆ 2018ರವರೆಗೆ ನಡೆಯಿತು. ಜೇ-ಝೀ ಗೆದ್ದರು. ಅಷ್ಟು ವರ್ಷ ವಕೀಲರ ಖರ್ಚು ತಡೆದುಕೊಳ್ಳುವ ಶಕ್ತಿ ಅವರಿಗಿತ್ತು. ಬಿಜೈಯ ಕೋಣೆಗೆ ಸುಲಭದ ದಾರಿ ಇದೆ: ತಾಸೆಯ ತಂಡವನ್ನೇ ಕರೆಯಿರಿ, ಸಂಭಾವನೆ ಕೊಟ್ಟು ಹೊಸದಾಗಿ ಮುದ್ರಿಸಿ, ಬಾರಿಸಿದವರ ಹೆಸರು ಹಾಕಿ. ನಾದವೂ ಚೆನ್ನಾಗಿರುತ್ತದೆ.

ಕೊನೆಗೆ ಅವರು ಬರೆದುಕೊಂಡ ಕರಡಿನಲ್ಲಿ ಸಾಹಿತ್ಯ ಅದನ್ನು ಬರೆದವನದೇ, ಬೀಟ್ ಅದನ್ನು ಮಾಡಿದವನದೇ ಆಗಿ ಉಳಿಯಿತು. ಧ್ವನಿಮುದ್ರಣ ಲೇಬಲ್‌ನದು, ಏಳು ವರ್ಷಕ್ಕೆ. ಆಮೇಲೆ ಹಾಡಿದವನಿಗೂ ಬೀಟ್ ಮಾಡಿದವನಿಗೂ ಸಮವಾಗಿ ಮರಳುತ್ತದೆ. ಲೇಬಲ್‌ನ ಹೆಸರನ್ನು ಮೂವರ ಹೆಸರಿನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಬೇಕು, ಅಂಗಿಯ ಮೇಲೆ ಆ ಹೆಸರು ಬಂದರೆ ಅದರ ಲಾಭದಲ್ಲಿ ಕಾರ್ಯಕ್ರಮ ತರುವವನಿಗೆ ಹೆಚ್ಚಿನ ಭಾಗ. ಯೂಟ್ಯೂಬ್ ಚಾನೆಲ್ ಮತ್ತು ವಿತರಣೆಯ ಖಾತೆ ಹಾಡುವವನ ಸ್ವಂತ ಇ-ಮೇಲ್‌ನಲ್ಲಿದ್ದದ್ದನ್ನು ಅಂದೇ ಲೇಬಲ್‌ನ ಇ-ಮೇಲ್‌ಗೆ ಬದಲಾಯಿಸಿದರು. ಅದಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಪಾಲು ಮಾರುವವನು ಮೊದಲು ಉಳಿದಿಬ್ಬರಿಗೆ ಹೇಳಬೇಕು, ಬೆಲೆಯನ್ನು ಹೊರಗಿನ ಲೆಕ್ಕಪರಿಶೋಧಕರು ಕಟ್ಟಬೇಕು.

ಒಂದು ಕಲಂ ಮಾತ್ರ ಖಾಲಿ ಉಳಿದಿದೆ. ಸುರತ್ಕಲ್‌ನಿಂದ ಬರುವ, ಬ್ಯಾರಿಯಲ್ಲಿ ಹಾಡುವ ಹುಡುಗಿಯೊಬ್ಬಳನ್ನು ಲೇಬಲ್‌ಗೆ ಸೇರಿಸಿಕೊಳ್ಳಬೇಕೆಂದಿದ್ದಾರೆ. ಮೂರು ವರ್ಷದ ಒಪ್ಪಂದ ಇರಲಿ, ನಾವು ಅವಳ ಮೇಲೆ ಖರ್ಚು ಮಾಡುತ್ತೇವಲ್ಲ ಎಂದು ಹಾಡುವವನು ಹೇಳುತ್ತಾನೆ. ಒಂದು ವರ್ಷ ಸಾಕು, ಲೇಬಲ್ ಒಡೆದರೆ ಒಪ್ಪಂದ ತಾನಾಗಿ ಬಿಟ್ಟುಹೋಗಬೇಕು, ಅವಳ ಹಾಡು ಅವಳೊಂದಿಗೆ ಹೋಗಬೇಕು ಎಂದು ನಾನು ಪಟ್ಟು ಹಿಡಿದಿದ್ದೇನೆ. ಮುಂದಿನ ಬಾರಿ ಕೂರುವಾಗ ಅವಳನ್ನೂ ಕರೆಯಬೇಕೆಂದು ಮೂವರೂ ಒಪ್ಪಿದ್ದಾರೆ.